ಫ್ಯೂಯೆಲ್ ಪ್ರೆಶರ್ ಗೇಜ್ ಕೊಳ್ಳುವಾಗ ಡಯಲ್ ಅಲ್ಲ, ಮೊದಲು ಸೆಂಡರ್ ನೋಡಿ

ಕಾರಿಗೆ ಟರ್ಬೊ ಹಾಕಿಸಿಕೊಂಡವರು, ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮೇ ತಿಂಗಳಲ್ಲಿ ನನ್ನ ಕಾರು ಹೊತ್ತಿ ಉರಿಯುವುದು ಸ್ವಲ್ಪದರಲ್ಲಿ ತಪ್ಪಿತು. ಹಿಂದಿನ ಸೀಟಿನಲ್ಲಿ ಅಕ್ಕನ ಇಬ್ಬರು ಮಕ್ಕಳಿದ್ದರು.

ನನ್ನದು ಹಳೆಯ 1.3 ಪೆಟ್ರೋಲ್ ಸ್ವಿಫ್ಟ್. ಚಿಕ್ಕ ಟರ್ಬೊ, ದೊಡ್ಡ ಪೆಟ್ರೋಲ್ ಪಂಪು, ಪೆಟ್ರೋಲಿನ ಪ್ರೆಶರ್ ಅಡ್ಜಸ್ಟ್ ಮಾಡುವ ರೆಗ್ಯುಲೇಟರ್ ಹಾಕಿಸಿದ್ದೇನೆ. ಇಂಥ ಕಾರಿನಲ್ಲಿ ಪ್ರೆಶರ್ ಗೇಜ್ ಶೋಕಿಗಲ್ಲ. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುರುಕುವ ಗಾಳಿಯ ಪ್ರೆಶರ್, ಏರಿದಾಗ ಪಂಪು ಸೋತರೆ ಪೆಟ್ರೋಲ್ ಸಾಲದೆ ಪಿಸ್ಟನ್ ಕರಗಿ ಹೋಗುತ್ತದೆ. ಅದು ಮೊದಲೇ ತಿಳಿಯಲಿ ಅಂತ ಗೇಜ್. ಮೆಕ್ಯಾನಿಕಲ್ ಗೇಜ್ ಆದರೆ ಪೆಟ್ರೋಲ್ ಪೈಪೇ ಡ್ಯಾಶ್‌ಬೋರ್ಡ್ ತನಕ ಬರಬೇಕು. ನಾವು ಕೂತಿರುವ ಜಾಗಕ್ಕೆ ಪೆಟ್ರೋಲ್ ತರುವುದು ಬೇಡವೇ ಬೇಡ. ಎಲೆಕ್ಟ್ರಿಕ್‌ನಲ್ಲಿ ಸೆಂಡರ್, ಅಂದರೆ ಪ್ರೆಶರ್ ಅಳೆದು ಡಯಲ್‌ಗೆ ತಿಳಿಸುವ ಭಾಗ, ಬಾನೆಟ್ ಕೆಳಗೇ ಉಳಿಯುತ್ತದೆ, ಒಳಗೆ ವೈರ್ ಮಾತ್ರ ಬರುತ್ತದೆ. ಇಷ್ಟು ನನಗೆ ಗೊತ್ತಿತ್ತು. ಸೆಂಡರ್ ಎಂಥದ್ದಿರಬೇಕು ಅಂತ ಮಾತ್ರ ವಿಚಾರ ಮಾಡಿರಲಿಲ್ಲ.

ಕಲಬುರಗಿಯಲ್ಲೇ ಒಂದು ಬಿಡಿಭಾಗದ ಅಂಗಡಿಯಲ್ಲಿ ಕೊಂಡೆ. ಡಯಲ್ ಚೆನ್ನಾಗಿತ್ತು, 0ಯಿಂದ 100 ಪಿಎಸ್‌ಐ (ಪಿಎಸ್‌ಐ, ಬಾರ್ ಎರಡೂ ಪ್ರೆಶರಿನ ಅಳತೆ). ಆದರೆ ಬಾಕ್ಸಿನ ಸೀಲ್ ಒಡೆದಿತ್ತು, ಸೆಂಡರ್ ಬೇರೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ಕೇಳಿದ್ದಕ್ಕೆ "ಎಲ್ಲಾ ಒಂದೇ ಅದಾವ್ರೀ, ಹಾಕ್ಕೋರಿ" ಅಂದರು. ಅಲ್ಲೇ ವಾಪಸ್ ಕೊಟ್ಟು ಬರಬೇಕಿತ್ತು. ಸೆಂಡರಿನ ಮೈಮೇಲೆ ಸಣ್ಣಗೆ 10 ಬಾರ್ ಅಂತ ಕೊರೆದಿತ್ತು. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅದು ಎಂಜಿನ್ ಆಯಿಲ್ ಪ್ರೆಶರ್ ಸೆಂಡರ್. 10 ಬಾರ್ ಅಂದರೆ 145 ಪಿಎಸ್‌ಐ. ಪ್ರೆಶರ್ ಏರಿದಂತೆ ಸೆಂಡರಿನ ವಿದ್ಯುತ್ ತಡೆ ಬದಲಾಗುತ್ತದೆ, ಡಯಲ್ ಓದುವುದು ಅದನ್ನೇ. ಡಯಲ್ ಬಯಸುವ ಸೆಂಡರೂ ಇದೂ ಎರಡೂ 10ರಿಂದ 180 ಓಮ್. ಹಾಗಾಗಿ ಮುಳ್ಳು ಸರಿಯಾಗಿ ಆಡುವಂತೆಯೇ ಕಾಣುತ್ತದೆ. ಮೋಸ ಇರುವುದೇ ಇಲ್ಲಿ. ಫ್ಯೂಯೆಲ್ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲಿ) 3 ಬಾರ್, ಅಂದರೆ ಸುಮಾರು 43 ಪಿಎಸ್‌ಐ ಇದ್ದರೆ ಅದು ಸೆಂಡರಿನ ಅಳತೆಯಲ್ಲಿ ಹತ್ತರಲ್ಲಿ ಮೂರು ಪಾಲು. ಡಯಲ್ ತನ್ನ 100ರಲ್ಲಿ ಅದೇ ಪಾಲು ತೋರಿಸುತ್ತದೆ, 30. ಇರಬೇಕಾದ್ದು 43, ಹಾಗಾಗಿ ನಾವು ಪ್ರೆಶರ್ ಕಮ್ಮಿ ಇದೆ ಅಂದುಕೊಂಡೆವು. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ತೆಗೆದು, ಮುಳ್ಳು 43ಕ್ಕೆ ಬರುವ ತನಕ ಅದರ ಸ್ಕ್ರೂ ಬಿಗಿ ಮಾಡಿದೆವು. ಆಗ ರೈಲಿನಲ್ಲಿ ನಿಜವಾಗಿ ಇದ್ದದ್ದು 62! ಎರಡು ವಾರದಲ್ಲಿ ಪ್ಲಗ್ ಮಸಿ ಹಿಡಿಯಿತು, ಮೈಲೇಜ್ ಬಿತ್ತು. ಟರ್ಬೊ ಕಾರು ಅಲ್ವಾ, ಕುಡಿಯುತ್ತದೆ ಅಂತ ಸುಮ್ನಿದ್ದೆ.

ಇನ್ನೊಂದು ತಪ್ಪು ಚೂಡಿಯಲ್ಲಿ, ಅಂದರೆ ಸೆಂಡರನ್ನು ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತಿನಲ್ಲಿತ್ತು. ಆ ಸೆಂಡರಿಗೆ ಒಂದೇ ವೈರ್. ಅರ್ತ್ ಸಿಗಬೇಕಾದ್ದು ಚೂಡಿಯ ಮೂಲಕ, ಎಂಜಿನ್ನಿಂದ. ಮೊದಲು ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿ ಹಾಕಿದೆವು. ಪೆಟ್ರೋಲಿಗೆ ಆ ಟೇಪ್ ಹಾಕಲೇಬಾರದು, ಅದು ಬೇರೆ ಮಾತು. ಅರ್ತ್ ಸರಿಯಾಗಿ ಸಿಗದೆ ಮುಳ್ಳು ಕುಣಿಯತೊಡಗಿತು. ಟೇಪ್ ಕಿತ್ತು ಬರಿ ಲೋಹಕ್ಕೆ ಲೋಹ ಬಿಗಿ ಮಾಡಿದೆವು. ಮುಳ್ಳು ನಿಂತಿತು, ಖುಷಿಯಾಯಿತು. ಆದರೆ ಸೆಂಡರ್ ಕೂರುವ ಅಡಾಪ್ಟರಿನ ಚೂಡಿ ಒಂದು ಜಾತಿ, ಸೆಂಡರಿನದು ಇನ್ನೊಂದು. ಅಡಾಪ್ಟರಿನದು 1/8 ಎನ್‌ಪಿಟಿ, ಇಂಚಿಗೆ 27 ಸುತ್ತು. ಸೆಂಡರಿನದು 1/8 ಬಿಎಸ್‌ಪಿಟಿ, 28 ಸುತ್ತು. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೈಗೆ ಸರಿಯಾಗಿ ಕೂತಂತೆಯೇ ಅನ್ನಿಸುತ್ತದೆ. ಒಳಗೆ ಮಾತ್ರ ಸುರುಳಿಯಂತೆ ಒಂದು ಸಣ್ಣ ದಾರಿ ಉಳಿದಿರುತ್ತದೆ.

ಆ ದಿನ ಹುಮನಾಬಾದ್ ಕಡೆ ಹೊರಟಿದ್ದೆವು. ಕಮಲಾಪುರ ದಾಟಿದ ಮೇಲೆ ಪೆಟ್ರೋಲ್ ವಾಸನೆ ಬಂತು. ಮುಂದೊಂದು ಟ್ಯಾಂಕರ್ ಇತ್ತು, ಅದರದ್ದೇ ಇರಬೇಕು ಅಂದುಕೊಂಡು ಹಿಂದೆ ಹಾಕಿದೆ. ಸ್ವಲ್ಪ ದೂರ ಹೋದ ಮೇಲೆ ಚಿಕ್ಕವಳು "ಮಾಮಾ, ಇನ್ನೂ ವಾಸ್ನಿ ಬರ್ಲಕತ್ತದ" ಅಂದಳು. ಕಾರು ಬದಿಗೆ ಹಾಕಿ, ಕೀ ತೆಗೆದು, ಮಕ್ಕಳನ್ನು ದೂರದ ಬೇವಿನ ಮರದ ನೆರಳಿಗೆ ಕಳಿಸಿದೆ.

ಬಾನೆಟ್ ಎತ್ತಿದೆ. ಸೆಂಡರಿನ ಬುಡದಲ್ಲಿ ಒಂದು ಹನಿ ಮೆಲ್ಲಗೆ ದಪ್ಪಗಾಗುತ್ತಿತ್ತು. ಕಡಲೆ ಕಾಳಿನಷ್ಟಾದಾಗ ಕೆಳಗೆ ಬಿತ್ತು. ಬಿದ್ದ ಲೋಹದ ಮೇಲೆ ಕ್ಷಣದಲ್ಲಿ ಆರಿ ಕಂದು ಕಲೆ ಉಳಿಯಿತು. ಆ ಕಲೆಯಿಂದ ಟರ್ಬೊ ಒಂದು ಗೇಣು ದೂರ. ಪೆಟ್ರೋಲ್ ಹೊತ್ತಲು ಕಿಡಿಯೇ ಬೇಕೆಂದಿಲ್ಲ, 250ರಿಂದ 280 ಡಿಗ್ರಿ ಕಾವು ಸಾಕು. ಒತ್ತಿ ಓಡಿಸಿದಾಗ ಟರ್ಬೊದ ಎಕ್ಸಾಸ್ಟ್ ಕಡೆ 600 ಡಿಗ್ರಿ ದಾಟುತ್ತದೆ. ಎಂಜಿನ್ ನಿಂತಿದ್ದರೂ ಲೈನಿನಲ್ಲಿ ಪ್ರೆಶರ್ ಉಳಿದಿತ್ತು. ಇನ್ನೊಂದು ಹನಿ ಕಟ್ಟಿತು, ಮತ್ತೊಂದು ಕಟ್ಟಿತು. ನನ್ನ ಕೈ ನಡುಗುತ್ತಿತ್ತು. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕೂಡ ಇರಲಿಲ್ಲ.

ಕಾರನ್ನು ಎಳೆಸಿಕೊಂಡು ಊರಿಗೆ ತಂದೆವು. ಮೆಕ್ಯಾನಿಕಲ್ ಗೇಜ್ ಒಂದನ್ನು ಬಾನೆಟ್ ಒಳಗೇ ರೈಲಿಗೆ ಕಟ್ಟಿ ನೋಡಿದಾಗಲೇ 62 ಕಂಡದ್ದು. ಹಾಕಿಸಿದ ದಿನವೇ ಹೀಗೆ ತಾಳೆ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಈಗ ಹಾಕಿರುವುದು ಪೆಟ್ರೋಲಿಗೆಂದೇ ಮಾಡಿದ ಮೂರು ವೈರಿನ ಸೆನ್ಸರ್, ಡಯಲ್ ಜೊತೆ ಒಂದೇ ಸೀಲ್ ಬಾಕ್ಸಿನಲ್ಲಿ ಬಂದದ್ದು. 5 ವೋಲ್ಟ್ ಕೊಟ್ಟರೆ ಸೊನ್ನೆಗೆ 0.5, 100 ಪಿಎಸ್‌ಐಗೆ 4.5 ವೋಲ್ಟ್ ಕಳಿಸುತ್ತದೆ. ಅರ್ತ್‌ಗೆ ತನ್ನದೇ ವೈರ್ ಇದೆ, ಚೂಡಿಯನ್ನು ನಂಬಬೇಕಿಲ್ಲ. ಒಳಗಿನ ಸೀಲ್ ವಿಟಾನ್ (ಪೆಟ್ರೋಲ್ ತಡೆಯುವ ರಬ್ಬರ್) ಎಂದು ಬರೆದಿದೆಯಾ ಅಂತ ನೋಡಿಯೇ ತಗೊಂಡೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್, ಸಾಧಾರಣ ರಬ್ಬರ್ ಅದರಲ್ಲಿ ಉಬ್ಬುತ್ತದೆ. ಸೆನ್ಸರನ್ನು ರೈಲಿನ ಮೇಲೆ ನೇರ ಕೂರಿಸಿಲ್ಲ. ನಡುಕಕ್ಕೆ ಹಿತ್ತಾಳೆ ಅಡಾಪ್ಟರ್ ಬಿರುಕು ಬಿಡುತ್ತದೆ. ಸ್ಟೀಲ್ ಹೆಣೆದ ಚಿಕ್ಕ ಹೋಸ್ ಹಾಕಿ, ಟರ್ಬೊದಿಂದ ದೂರ, ಬಾಡಿಗೆ ಕ್ಲಾಂಪ್ ಮಾಡಿಸಿದ್ದೇನೆ. ಎರಡೂ ಕಡೆ ಎನ್‌ಪಿಟಿ, ಪೆಟ್ರೋಲ್ ತಡೆಯುವ ಪೇಸ್ಟ್. ಲೈನ್ ಬಿಚ್ಚುವ ಮುಂಚೆ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಪ್ರೆಶರ್ ಇಳಿಸಿಕೊಳ್ಳಿ. ಸೀಟಿನ ಕೆಳಗೆ ಈಗ ಸಿಲಿಂಡರ್ ಇದೆ.

ಹಳೆಯ ಸೆಂಡರ್ ಹಿಡಿದುಕೊಂಡು ಆ ಅಂಗಡಿಗೆ ಹೋಗಿದ್ದೆ. ನಡೆದದ್ದನ್ನೆಲ್ಲ ಹೇಳಿದೆ. ದುಡ್ಡು ವಾಪಸ್ ಕೊಟ್ಟರು. ಅವರ ಹಿಂದಿನ ಶೆಲ್ಫಿನಲ್ಲಿ ಅದೇ ಡಯಲ್ಲಿನ ಇನ್ನೂ ಎರಡು ಬಾಕ್ಸ್ ಇದ್ದವು. ಪಕ್ಕದಲ್ಲೇ, ಪ್ಲಾಸ್ಟಿಕ್ ಕವರಿನಲ್ಲಿ, 10 ಬಾರ್ ಸೆಂಡರುಗಳು.