ಇ. ಕೋಲಿಗೆ ಡಿಎನ್‌ಎ ಸೇರಿಸಲು ಕರೆಂಟಾ, ಬಿಸಿನೀರಾ?

ಮಾಮೂಲಿ ಪ್ಲಾಸ್ಮಿಡ್ (ಡಿಎನ್‌ಎಯ ಪುಟ್ಟ ಉಂಗುರ) ಒಂದನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸುವುದಷ್ಟೇ ಕೆಲಸ ಅಂದ್ರೆ ಹೀಟ್ ಶಾಕ್ (ಕ್ಷಣಕಾಲ ಬಿಸಿ ಮುಟ್ಟಿಸುವ ವಿಧಾನ) ಧಾರಾಳ ಸಾಕು. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ತಯಾರು ಮಾಡಿದ ಕೋಶಗಳು, ಐಸು, 42 ಡಿಗ್ರಿ ವಾಟರ್ ಬಾತ್‌ನಲ್ಲಿ 45 ಸೆಕೆಂಡು, ಮತ್ತೆ ಐಸು. ಖರ್ಚೂ ಕಮ್ಮಿ.

ಕರೆಂಟ್ ಹೊಡೆತದಿಂದ ಡಿಎನ್‌ಎ ಒಳಸೇರಿಸುವ ಎಲೆಕ್ಟ್ರೊಪೊರೇಶನ್‌ಗೆ ಯಂತ್ರವೇ ದುಬಾರಿ, ಸ್ಯಾಂಪಲ್ ಹಾಕುವ ಪುಟ್ಟ ಡಬ್ಬಿ, ಅಂದ್ರೆ ಕ್ಯುವೆಟ್, ಅದರ ಖರ್ಚು ಬೇರೆ. ಆದರೆ ಫಲ ಜಾಸ್ತಿ: ಹೀಟ್ ಶಾಕ್‌ನಲ್ಲಿ ಒಂದು ಮೈಕ್ರೋಗ್ರಾಂ ಡಿಎನ್‌ಎಗೆ ಸಾಮಾನ್ಯವಾಗಿ 10 ಲಕ್ಷದಿಂದ 10 ಕೋಟಿ ಕಾಲೊನಿಗಳ (ಡಿಎನ್‌ಎ ಪಡೆದ ಒಂದೊಂದು ಕೋಶದಿಂದ ಬೆಳೆದ ಗುಂಪುಗಳ) ಲೆಕ್ಕ ಬಂದರೆ, ಇಲ್ಲಿ ಒಳ್ಳೆ ಕೋಶಗಳಿದ್ದರೆ 100 ಕೋಟಿ ದಾಟುತ್ತದೆ. ಜೀನ್ ಲೈಬ್ರರಿ (ಜೀನ್ ತುಣುಕುಗಳ ದೊಡ್ಡ ಸಂಗ್ರಹ) ಮಾಡುವವರು, ದೊಡ್ಡ ಪ್ಲಾಸ್ಮಿಡ್ ಇರುವವರು, ಹೀಟ್ ಶಾಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕೈಗೆ ಸಿಕ್ಕವರು ಸುಮ್ನೆ ಯೋಚಿಸದೆ ಇದಕ್ಕೇ ಹೋಗಿ.

ಇದರ ತಲೆನೋವು ಉಪ್ಪು. ಲೈಗೇಶನ್ ಮಿಶ್ರಣದಿಂದ (ಡಿಎನ್‌ಎ ತುಣುಕುಗಳನ್ನು ಬೆಸೆದ ದ್ರವದಿಂದ) ಉಪ್ಪು ತೆಗೆಯದೆ ಹಾಗೇ ಹಾಕಿ 1 ಮಿ.ಮೀ. ಅಂತರದ ಕ್ಯುವೆಟ್‌ಗೆ 1.8 ಕಿಲೋವೋಲ್ಟ್ ಕೊಟ್ಟರೆ ಟಪ್ ಅಂತ ಕಿಡಿ ಹಾರುತ್ತದೆ, ಸ್ಯಾಂಪಲ್ ಹೋದಂತೆಯೇ. ಎಲ್ಲ ಸರಿಯಿದ್ದರೆ ಯಂತ್ರದ ಪರದೆಯಲ್ಲಿ ಟೈಮ್ ಕಾನ್‌ಸ್ಟಂಟ್ (ಕರೆಂಟ್ ಹೊಡೆತ ಇಳಿಯುವ ಸಮಯದ ಅಳತೆ) 5 ಮಿಲಿಸೆಕೆಂಡ್ ಆಸುಪಾಸು ಕಾಣುತ್ತದೆ. ಆಗ ತಕ್ಷಣ ಎಸ್‌ಒಸಿ ಎಂಬ ಪೋಷಕ ದ್ರವ ಸುರಿಯಬೇಕು, ತಡಮಾಡಿದಷ್ಟೂ ಕೋಶಗಳು ಸಾಯುತ್ತವೆ. ಹೀಟ್ ಶಾಕ್ ಉಪ್ಪನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಕಾಲೇಜು ಲ್ಯಾಬ್‌ಗೆ ಅದೇ ವಾಸಿ ಅಲ್ವಾ.