ಕಲಬುರಗಿಯ ಆಳಂದ ಚೆಕ್‌ಪೋಸ್ಟ್ ಕಡೆಯ ಬೋರ್ಡಿಲ್ಲದ ಗ್ಯಾರೇಜು

ಮೊದಲೇ ಹೇಳಿಬಿಡ್ತೀನಿ, ಈ ಗ್ಯಾರೇಜಿನ ಹುಡುಗರ ಮೇಲೆ ನನಗೆ ಸಿಟ್ಟಿತ್ತು. ರಾತ್ರಿ ಹನ್ನೊಂದಕ್ಕೆ ನಮ್ಮ ಓಣಿಯಲ್ಲಿ ಪಟಾಕಿ ಸಿಡಿಸಿದ ಹಾಗೆ ಹೋಗುವ ಬುಲೆಟ್‌ಗಳಿಗೆ ಸೈಲೆನ್ಸರ್ ಬದಲಾಗೋದು ಇಲ್ಲೇ. ಆದರೆ ನನ್ನ 2009ರ ಸ್ಪ್ಲೆಂಡರ್ ಟಕಟಕ ಬಿಡಲಿಲ್ಲ. ದೊಡ್ಡ ಸರ್ವಿಸ್ ಸೆಂಟರ್ ಒಂದರಲ್ಲಿ ಎರಡು ಸಲ ದುಡ್ಡು ಸುರಿದು, ಕೊನೆಗೆ ಇಲ್ಲಿಗೆ ಬಂದೆ.

ನಾಲ್ವರು ಹುಡುಗರು. ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಯವರು. ಇವರಿಗೆ ರೂಮು ಯಾರೂ ಕೊಡೋದಿಲ್ಲವಂತೆ, ತಗಡಿನ ಶೆಡ್ಡಿನಲ್ಲೇ ಮಲಗ್ತಾರೆ. ಒಬ್ಬ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡ. ತುದಿಯನ್ನು ಇಂಜಿನ್ ಹೆಡ್ಡಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದ. ಊರಿನ ನಿದ್ದೆ ಕೆಡಿಸೋ ಹುಡುಗ ಇವನೇನಾ ಅನಿಸಿತು. "ಟ್ಯಾಪೆಟ್ ಅದ ಕಾಕಾ, ಇಂಜಿನ್ ವಾಲ್ವಿನ ಮ್ಯಾಲಿನ ಸಂದು. ಬಿಸಿ ಇಂಜಿನ್‌ನಾಗ ಸೆಟ್ ಮಾಡ್ಯಾರ. ತಣ್ಣಗಾಗ್ಲಿ, ಚಾ ಕುಡದು ಬರ್ರಿ."

ಮೇ ತಿಂಗಳ ಕಲಬುರಗಿಯಲ್ಲಿ ಇಂಜಿನ್ ತಣ್ಣಗಾಗೋದು ಸುಮ್ನೆ ಮಾತಾ? ಎರಡೂವರೆ ಗಂಟೆ ಕೂತೆ. ಆಮೇಲೆ ಸಂದು ಅಳೆಯುವ ಫೀಲರ್ ಗೇಜಿನ ತೆಳುವಾದ ಪಟ್ಟಿ ತೂರಿಸಿ, ಎಳೆದು ನೋಡಿ, ನಟ್ಟು ಬಿಗಿ ಮಾಡಿದ. ಹತ್ತೇ ನಿಮಿಷ, 120 ರೂಪಾಯಿ. ಟಕಟಕ ಇವತ್ತಿಗೂ ಬಂದಿಲ್ಲ.

ಕಾಯುವಾಗ ಕಂಡಿದ್ದು ಮೂಲೆಯ ಗೋಣಿಚೀಲಗಳು. ಒಳಗೆ ಕಂಪನಿ ಸೈಲೆನ್ಸರ್‌ಗಳು, ಒಂದೊಂದರ ಮೇಲೂ ಚಾಕ್‌ನಲ್ಲಿ ಕೆಎ 32ರ ನಂಬರ್. ಚೆಕಿಂಗ್ ಜೋರಾದ ವಾರ ಮಾಲೀಕರು ಬಂದು ಹಾಕಿಸಿಕೊಳ್ತಾರೆ, ಮುಂದಿನ ವಾರ ಬಿಚ್ಚಿಸ್ತಾರೆ. ಎರಡು ಸಲವೂ ಕೂಲಿ!

ನನ್ನ ಬಾಯಿ ಸುಮ್ಮನಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದ ಮೇಲೆ, ಗಾಡಿಯ ರೂಪ ಬದಲಿಸಿದರೆ ಒಂದೊಂದು ಬದಲಾವಣೆಗೆ 5,000 ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಸದ್ದಿನ ಮಿತಿ ಮೀರಿದರೆ 10,000ದವರೆಗೆ ದಂಡ ಅಂತ ಹೇಳಿದೆ. ಅವನು ಕೈ ಒರೆಸಿಕೊಂಡು, "ಅದು ಗಾಡಿ ಮಾಲೀಕರಿಗ್ರೀ ಕಾಕಾ. ನಂದು ಸೈಕಲ್ ಅದ" ಅಂದ. ಗೋಡೆಗೆ ಒರಗಿಸಿದ್ದ, ಪೆಡಲ್ ಮುರಿದ ಸೈಕಲ್ ತೋರಿಸಿದ. ನನಗೆ ನಗು ಬಂತು, ನಗಬಾರದಿತ್ತು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕಂದ್ರೆ, ಎಲ್ಲರಿಗಿಂತ ಚಿಕ್ಕವನು ಟ್ರಯಲ್ ಅಂತ ನನ್ನ ಗಾಡಿಯನ್ನು ಹೆಲ್ಮೆಟ್ ಇಲ್ಲದೆ ರಾಂಗ್ ಸೈಡಿನಲ್ಲಿ ಓಡಿಸಿಕೊಂಡು ಬಂದ. ಲೈಸೆನ್ಸ್ ಅದೇನೋ ಅಂದ್ರೆ ಹಲ್ಲು ಕಿರಿದ. ಟ್ರಯಲ್ ನಾವೇ ನೋಡ್ತೀವಿ ಅನ್ನಿ, ಕೀಲಿ ಜೇಬಲ್ಲೇ ಇರಲಿ.

ಸೋಮವಾರ ರಜೆ. ಪೊಲೀಸ್ ಜೀಪು ಆ ಕಡೆ ಬಂದರೆ ಯಾವ ದಿನವಾದರೂ ಶಟರ್ ಇಳಿದಿರುತ್ತೆ. ಅಂಥ ದಿನ ಪಕ್ಕದ ಚಾ ಅಂಗಡಿಯಲ್ಲಿ ಕೇಳಿ, ಅಲ್ಲೇ ಹಿಂದೆ ಕೂತಿರ್ತಾರೆ.