ಅಜ್ಜನ ಜೇಬು ಗಡಿಯಾರ: ವೈಟ್ ಪೆಟ್ರೋಲೋ, ಅಲ್ಟ್ರಾಸಾನಿಕ್ಕೋ?

ಒಂದೇ ತರದ ಎರಡು ಜೇಬು ಗಡಿಯಾರ ನನ್ನ ಮೇಜಿನ ಮೇಲಿದ್ದವು. ಎರಡೂ ವೆಸ್ಟ್ ಎಂಡ್ ವಾಚ್ ಕಂಪನಿಯವು. ಸ್ವಿಟ್ಜರ್ಲೆಂಡಿನ ಮಷೀನು, ಬಿಳಿ ಎನಾಮಲ್ ಡಯಲ್, 15 ಕಲ್ಲು (ಚಕ್ರಗಳ ಅಚ್ಚು ಸವೆಯದ ಹಾಗೆ ಕೂರಿಸುವ ಪುಟ್ಟ ಮಾಣಿಕ್ಯಗಳು). ಒಂದು ಅಜ್ಜನದು. ಅವರು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದರು. ಬೆಳಗ್ಗೆ ಕೆಲಸದವರಿಗೆ ಗಂಟೆ ಹೊಡೆಸುತ್ತಿದ್ದುದು ಈ ವಾಚು ನೋಡಿಕೊಂಡೇ. ಇನ್ನೊಂದನ್ನು ಬಿಡಿಭಾಗಕ್ಕೆ ಅಂತ ವಿರಾಜಪೇಟೆಯಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ಕೊಂಡಿದ್ದೆ. ಬಿಚ್ಚಿ ನೋಡಿದರೆ ಒಳಗಿನ ಮಷೀನು ತದ್ರೂಪು ಒಂದೇ. ಹಾಗಾದರೆ ಎರಡನ್ನೂ ಎರಡು ರೀತಿಯಲ್ಲಿ ತೊಳೆದು ನೋಡೋಣ ಅನ್ನಿಸಿತು.

ಆಗ ಜುಲೈ. ದಿನಕ್ಕೆ ಮೂರು ಇಂಚು, ನಾಲ್ಕು ಇಂಚು ಮಳೆ. ಬೆಲ್ಟು, ಚಪ್ಪಲಿ, ಪುಸ್ತಕದ ಬೆನ್ನು, ಎಲ್ಲದಕ್ಕೂ ಬೂಷ್ಟು ಹಿಡಿಯುವ ಕಾಲ. ತೋಟದಲ್ಲಿ ಕೆಲಸ ಇರುವುದಿಲ್ಲ ಅಂತ ಇದೇ ತಿಂಗಳು ಆರಿಸಿಕೊಂಡೆ.

ವಿರಾಜಪೇಟೆಯ ವಾಚಿಗೆ ಅಲ್ಟ್ರಾಸಾನಿಕ್. ಚಿಕ್ಕ ಸ್ಟೀಲ್ ತೊಟ್ಟಿ, ಸೆಕೆಂಡಿಗೆ 40,000 ಸಲ ಅದುರುತ್ತದೆ. ಅಮೋನಿಯಾ ಬೆರೆಸಿದ ಸೋಪಿನ ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟಿ ಒಡೆದು ಕೊಳೆ ಕೀಳುತ್ತವೆ. ನಾಲ್ಕೇ ನಿಮಿಷಕ್ಕೆ ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಹಿತ್ತಾಳೆ ಚಕ್ರಗಳು ಹೊಸದರ ಹಾಗೆ ಹೊಳೆದವು. ಆ ಹೊಳಪು ನೋಡಿದರೆ ಯಾರಿಗಾದರೂ ಇದೇ ಸರಿ ಅನ್ನಿಸುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಸ್ಪಿರಿಟ್‌ನಲ್ಲಿ ಅದ್ದಿ, ಹೇರ್ ಡ್ರೈಯರ್ ಹಿಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಬಟ್ಟೆಯಲ್ಲಿ ಒತ್ತಿ ಒರೆಸಿ, ಮುಚ್ಚಳ ಹಾಕಿ ಇಟ್ಟಿದ್ದೆ.

ಮೂರನೆಯ ದಿನ ಐಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಇಟ್ಟು ನೋಡಿದೆ. ರ್‍ಯಾಚೆಟ್ ಚಕ್ರದ (ಕೀ ಕೊಡುವಾಗ ತಿರುಗುವ ಉಕ್ಕಿನ ಚಕ್ರ) ಹಲ್ಲುಗಳ ಬುಡದಲ್ಲಿ ಸೂಜಿ ಮೊನೆಯಷ್ಟು ಕಿತ್ತಳೆ ಚುಕ್ಕಿಗಳು. ನೀಲಿ ಸ್ಕ್ರೂಗಳ ಸೀಳಿನೊಳಗೂ ಅದೇ. ಹಿತ್ತಾಳೆಗೆ ಏನೂ ಆಗಿರಲಿಲ್ಲ, ತುಕ್ಕು ಹಿಡಿದದ್ದೆಲ್ಲ ಉಕ್ಕಿಗೆ. ನೂರು ವರ್ಷದ ಹತ್ತಿರ ಉಳಿದುಕೊಂಡು ಬಂದ ಉಕ್ಕು ನನ್ನ ಕೈಯಲ್ಲಿ ಮೂರು ದಿನಕ್ಕೆ ಕೆಟ್ಟಿತಲ್ಲ ಅಂತ ತುಂಬಾ ಬೇಜಾರಾಯಿತು.

ಅಜ್ಜನ ವಾಚಿಗೆ ವೈಟ್ ಪೆಟ್ರೋಲ್, ಅಂದರೆ ಏನೂ ಬೆರೆಸದ ಶುದ್ಧ ಪೆಟ್ರೋಲ್. ಹಳೇ ರಿಪೇರಿಯವರೆಲ್ಲ ಬಳಸುತ್ತಿದ್ದುದು ಇದನ್ನೇ. ಬಂಕಿನ ಪೆಟ್ರೋಲ್ ಬೇಡ. ಅದರಲ್ಲಿ ಈಗ ನೂರಕ್ಕೆ 20 ಭಾಗದಷ್ಟು ಎಥೆನಾಲ್ ಇದೆ. ಪ್ಯಾಲೆಟ್‌ನ (ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುವ ಪುಟ್ಟ ಕವಲು) ಎರಡು ಪುಟ್ಟ ಕೆಂಪು ಕಲ್ಲುಗಳನ್ನು ಹಿಡಿದಿಟ್ಟಿರುವುದು ಅರಗು. ಎಥೆನಾಲ್, ಸ್ಪಿರಿಟ್ ಎರಡೂ ಅರಗನ್ನು ಕರಗಿಸುತ್ತವೆ. ಕಲ್ಲು ಒಂದು ಕೂದಲೆಳೆ ಜರುಗಿದರೂ ವಾಚು ಸರಿಯಾಗಿ ನಡೆಯುವುದಿಲ್ಲ. ಅದಕ್ಕೇ ಅಲ್ಟ್ರಾಸಾನಿಕ್ ಮಾಡುವಾಗಲೂ ಪ್ಯಾಲೆಟ್ ಮತ್ತು ಆಚೀಚೆ ತಿರುಗಿ ವಾಚಿನ ವೇಗ ಹಿಡಿದಿಡುವ ಬ್ಯಾಲೆನ್ಸ್ ಚಕ್ರವನ್ನು ಸ್ಪಿರಿಟ್‌ಗೆ ತೋರಿಸಿರಲಿಲ್ಲ.

ಈ ಕೆಲಸಕ್ಕೆ ಇಡೀ ದಿನ ಬೇಕು. ಮೊದಲು ಕ್ಲಿಕ್ (ಸ್ಪ್ರಿಂಗ್ ಹಿಂದಕ್ಕೆ ಬಿಚ್ಚದಂತೆ ತಡೆಯುವ ಕೊಂಡಿ) ಎತ್ತಿ, ಕೀ ಕೊಡುವ ಕಿರೀಟವನ್ನು ಬೆರಳಲ್ಲಿ ಹಿಡಿದುಕೊಂಡೇ, ವಾಚನ್ನು ನಡೆಸುವ ಮೇನ್‌ಸ್ಪ್ರಿಂಗಿನ ಬಿಗಿ ನಿಧಾನಕ್ಕೆ ಬಿಡಬೇಕು. ಆಮೇಲೆ ಒಂದೊಂದೇ ಭಾಗ ಗಾಜಿನ ಬಟ್ಟಲಿಗೆ, ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ ಇನ್ನೊಂದು ಬಟ್ಟಲಿಗೆ. ಕಲ್ಲಿನ ತೂತುಗಳಿಗೆ ಬಿದಿರಿನ ಕಡ್ಡಿ. ಬ್ಲೇಡಿನಲ್ಲಿ ಸೂಜಿಯಷ್ಟು ಚೂಪು ಮಾಡಿ, ತೂತಿನಲ್ಲಿ ಇಟ್ಟು ತಿರುಗಿಸಿದರೆ ತುದಿ ಕಪ್ಪಾಗಿ ಬರುತ್ತದೆ. ಮತ್ತೆ ಕೆತ್ತಿ, ಮತ್ತೆ ತಿರುಗಿಸಿ, ತುದಿ ಬಿಳಿಯಾಗಿಯೇ ಬರುವ ತನಕ ಬಿಡಬಾರದು. ಒಂದು ತೂತಿಗೆ ಏಳು ಸಲ ಕೆತ್ತಬೇಕಾಯಿತು. ಗಟ್ಟಿಯಾಗಿ ಕೂತ ಹಳೇ ಎಣ್ಣೆ ಅಲ್ಟ್ರಾಸಾನಿಕ್‌ನಲ್ಲೂ ಪೂರ್ತಿ ಹೋಗುವುದಿಲ್ಲ. ಆ ವಾಚಿನ ತೂತಿಗೂ ಆಮೇಲೆ ಕಡ್ಡಿ ಹಾಕಿದ್ದೆ, ಅದೂ ಕಪ್ಪಾಗಿಯೇ ಬಂತು.

ಹೊಳಪು ಜಾಸ್ತಿ ಬರಲಿಲ್ಲ. ಆದರೆ ಪ್ಲೇಟಿನ ಮೇಲಿನ ಹಳೇ ಚಿನ್ನದ ಲೇಪ ಇದ್ದ ಹಾಗೇ ಉಳಿಯಿತು. ವೈಟ್ ಪೆಟ್ರೋಲಿನಲ್ಲಿ ನೀರೇ ಇಲ್ಲ, ನಿಮಿಷದಲ್ಲಿ ಆರಿಹೋಗುತ್ತದೆ. ಆದರೂ ಹೊರಗಿನ ಥಂಡಿ ಬೇಡ ಅಂತ ಬಿಸ್ಕೆಟ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟೆ. ಒಂದೇ ಒಂದು ಚುಕ್ಕಿ ಏಳಲಿಲ್ಲ. ಅಪಾಯ ಬೇರೆ ಕಡೆ ಇದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಒಲೆ ಆರುವುದೇ ಇಲ್ಲ, ಅಲ್ವಾ? ಈ ಕೆಲಸ ಜಗಲಿಯಲ್ಲೇ ಮಾಡಿ. ಬೆಂಕಿ, ಬೀಡಿ ಯಾವುದೂ ಹತ್ತಿರ ಬರಬಾರದು.

ಎರಡಕ್ಕೂ ಹೊಸ ಮೇನ್‌ಸ್ಪ್ರಿಂಗ್ ಹಾಕಿದೆ. ಹಳೇ ನೀಲಿ ಉಕ್ಕಿನದು ತುಕ್ಕು ಹಿಡಿದರೆ ಇದ್ದಕ್ಕಿದ್ದಂತೆ ಮುರಿಯುತ್ತದೆ. ಬಿಳಿ ಮಿಶ್ರಲೋಹದ್ದಕ್ಕೆ ಆ ಕಾಟ ಇಲ್ಲ. ಅಗಲ, ದಪ್ಪ, ಉದ್ದ ಅಳತೆ ಮಾಡಿ ತರಿಸಿ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ.

ಎಣ್ಣೆ ವಿಷಯಕ್ಕೆ ಬಂದರೆ ಸ್ವಲ್ಪ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಅಜ್ಜನ ವಾಚನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. ಬಿಚ್ಚದೆ, ತೊಳೆಯದೆ, ಸುಮ್ನೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು ಕೊಟ್ಟರು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಗಂಟೆಗೆ ಎರಡು ನಿಮಿಷ ಮುಂದೆ ಓಡತೊಡಗಿತು. ಎಣ್ಣೆ ಹರಿದು, ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಹತ್ತಿ, ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಪ್ರಿಂಗ್ ಗಿಡ್ಡ ಆದಂತೆಯೇ ಲೆಕ್ಕ, ವಾಚು ಓಡುತ್ತದೆ. ವಾಚಿನ ಎಣ್ಣೆ ಹಾಗೆ ಹರಿಯುವುದಿಲ್ಲ, ಇಟ್ಟ ಕಡೆ ಹನಿಯಾಗಿ ನಿಲ್ಲುತ್ತದೆ. ಈ ಸಲ ಬ್ಯಾಲೆನ್ಸ್ ಮತ್ತು ವೇಗದ ಚಕ್ರಗಳಿಗೆ ಮೋಬಿಯಸ್ ಕಂಪನಿಯ 9010 ಅನ್ನುವ ತೆಳು ಎಣ್ಣೆ, ನಿಧಾನದ ದೊಡ್ಡ ಚಕ್ರಗಳಿಗೆ ಅದೇ ಕಂಪನಿಯ ಮಂದ ಎಣ್ಣೆ ಡಿ5 ಹಾಕಿದೆ. 2 ಮಿಲಿಲೀಟರಿನ ಶೀಶೆಗೆ ಬೆಲೆ ಜಾಸ್ತಿ, ನಿಜ. ಆದರೆ ಒಂದು ವಾಚಿಗೆ ಬೇಕಾಗುವುದು ಒಂದು ಹನಿಗಿಂತ ಕಡಿಮೆ. ಕಲ್ಲಿನ ಗುಳಿ ಅರ್ಧ ತುಂಬಿದರೆ ಸಾಕು. ಪ್ಯಾಲೆಟ್‌ನ ಅಚ್ಚಿಗೆ ಎಣ್ಣೆ ಬೇಡವೇ ಬೇಡ.

ಜನವರಿಯಲ್ಲಿ ವಿರಾಜಪೇಟೆಯ ವಾಚನ್ನು ಮತ್ತೆ ಬಿಚ್ಚಿ ಇನ್ನೊಮ್ಮೆ ಅಲ್ಟ್ರಾಸಾನಿಕ್‌ಗೆ ಹಾಕಿದೆ. ಕಣದಲ್ಲಿ ಕಾಫಿ ಒಣಗುತ್ತಿತ್ತು, ಗಾಳಿ ಒಣಗಿತ್ತು. ಚಕ್ರಗಳನ್ನು ಹಾಗೇ ಬಿಸಿಲಿಗೆ ಇಟ್ಟರೂ ಹತ್ತು ನಿಮಿಷದಲ್ಲಿ ಒಣಗಿದವು. ಹೊಸ ತುಕ್ಕು ಇಲ್ಲ. ಬ್ಯಾಲೆನ್ಸ್ ಚಕ್ರ ಒಂದು ಕಡೆಗೆ ಎಷ್ಟು ತಿರುಗುತ್ತದೆ ಅಂತ ಫೋನಿನ ಆ್ಯಪ್‌ನಲ್ಲಿ ಅಳೆದರೆ 274 ಡಿಗ್ರಿ. ಅಜ್ಜನದು 268. ಎರಡೂ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಕಿವಿಗೆ ಹಿಡಿದರೆ ಯಾವುದು ಯಾವ ವಾಚು ಅಂತ ಗೊತ್ತೇ ಆಗುವುದಿಲ್ಲ.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ನೀರಿರುವ ಯಾವ ದ್ರಾವಣವನ್ನೂ ಹಳೇ ಉಕ್ಕಿಗೆ ಮುಟ್ಟಿಸುವುದಿಲ್ಲ. ಬೇಸಗೆಯಲ್ಲಿ ನಾಲ್ಕಾರು ವಾಚು ಒಟ್ಟಿಗೆ ಮಾಡುವವರಿಗೆ ಅಲ್ಟ್ರಾಸಾನಿಕ್ ಒಳ್ಳೆಯದು, ಸಮಯ ಉಳಿಯುತ್ತದೆ. ಮನೆಯ ಒಂದೇ ಒಂದು ವಾಚಾದರೆ ಯಾವ ಕಾಲದಲ್ಲೂ ನನ್ನ ಮತ ಬಟ್ಟಲು, ಬ್ರಷ್ ಮತ್ತು ಬಿದಿರಿನ ಕಡ್ಡಿಗೆ.

ಅಜ್ಜನ ವಾಚಿನ ಹಿಂಬದಿ ಮುಚ್ಚಳದ ಒಳಗೆ ಐಗ್ಲಾಸಿಗೆ ಮಾತ್ರ ಕಾಣುವ ಮೂರು ಗೀರು ಬರಹಗಳಿವೆ. ಹಿಂದಿನ ರಿಪೇರಿಯವರು ತಮ್ಮ ಗುರುತಿಗೆ ಸೂಜಿಯಲ್ಲಿ ಕೊರೆದದ್ದು. ನಾನು ಬೆಳ್ಳಿಯ ಮೇಲೆ ಗೀರಲಿಲ್ಲ. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ವಾಚಿನ ಡಬ್ಬಿಯಲ್ಲಿ ಇಟ್ಟಿದ್ದೇನೆ: ಜುಲೈ, ವೈಟ್ ಪೆಟ್ರೋಲ್, 9010, ಹೊಸ ಸ್ಪ್ರಿಂಗ್.